ಜನಮತ ಸಮೀಕ್ಷೆಯೂ ಚುನಾವಣಾ ಪ್ರಚಾರವೂ: ಅಮೆರಿಕದ ೧೯೬೮ರ ಒಂದು ಪ್ರಕರಣ

೧

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯೊಳಗಿನ ಅಗುಳನ್ನೆಲ್ಲ ಯಾರೂ ಹಿಸುಕಿ ನೋಡುವುದಿಲ್ಲ. ಒಂದೆರಡನ್ನು ತೆಗೆದು ನೋಡುತ್ತಾರೆ. ನಮ್ಮ ಶಾಸ್ತ್ರಕಾರರು ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟರು. ಇಂದಿನ ಜನಮತ ಸಮೀಕ್ಷೆಯ ಬುನಾದಿಯೂ ಇದೇ ನ್ಯಾಯ. ಕೋಟಿಗಟ್ಟಲೆ ಮತದಾರರಲ್ಲಿ ಸಾವಿರ, ಎರಡು ಸಾವಿರ ಮಂದಿಯನ್ನು ಕ್ರಮವರಿತು ಆಯ್ದು ಪ್ರಶ್ನಿಸಿದರೆ ಇಡಿಯ ಸಮೂಹದ ಒಲವು ಸುಮಾರಾಗಿ ಗೊತ್ತಾಗುತ್ತದೆಂಬುದು ಸಂಖ್ಯಾಶಾಸ್ತ್ರದ ಸಿದ್ಧಾಂತ. ಸಿದ್ಧಾಂತದಲ್ಲಿ ದೋಷವಿಲ್ಲ. ಆದರೆ ಅಡಿಗೆ ಮಾಡಿದವರೇ ಹತ್ತು ಅಗುಳನ್ನು ಹಿಸುಕಿ ನೋಡಿ, ಬೆಂದ ಎರಡನ್ನು ಮಾತ್ರ ಎಲೆಯ ತುದಿಯಲ್ಲಿಟ್ಟು ಅತಿಥಿಗೆ ತೋರಿಸಿದರೆ? ತೋರಿಸಿದ ಅಗುಳು ಬೆಂದದ್ದು ನಿಜ. ಅತಿಥಿಗೆ ಉಂಟಾದ ತಿಳಿವಳಿಕೆ ಮಾತ್ರ ಸುಳ್ಳು.

ಸಮೀಕ್ಷೆಗಳನ್ನು ಕುರಿತ ಚರ್ಚೆಯು ಸಾಮಾನ್ಯವಾಗಿ ಅವು ಸರಿಯಾದುವೋ ತಪ್ಪಾದುವೋ ಎಂಬುದರ ಸುತ್ತಲೇ ಸುಳಿಯುತ್ತದೆ. ಈ ಚರ್ಚೆಗೆ ಬೆಲೆಯಿಲ್ಲವೆಂದಲ್ಲ. ಮುಂಬಯಿಯಲ್ಲಿರುವ ನಮಗಂತೂ ಅದರ ಬೆಲೆಯನ್ನು ರೂಪಾಯಿಗಳಲ್ಲಿಯೇ ಲೆಕ್ಕಹಾಕಿ ತೋರಿಸುವ ಪ್ರಸಂಗವೊಂದು ಒದಗಿತು. ೨೦೨೪ರ ಲೋಕಸಭಾ ಚುನಾವಣೆಯಲ್ಲಿ ಮತದಾನೋತ್ತರ ಸಮೀಕ್ಷೆಗಳು ಆಡಳಿತ ಕೂಟಕ್ಕೆ ಭಾರಿ ಬಹುಮತವನ್ನು ನುಡಿದವು. ಜೂನ್ ೩ರಂದು ಇಲ್ಲಿಯ ಷೇರುಪೇಟೆಯ ಸೂಚ್ಯಂಕವು ೨,೫೦೦ ಅಂಶಗಳಿಗೂ ಮಿಕ್ಕಿ ಏರಿತು. ಮರುದಿನ ಮತಪೆಟ್ಟಿಗೆಗಳು ಬೇರೆಯೇ ಮಾತನ್ನಾಡಿದವು. ಸೂಚ್ಯಂಕವು ಸುಮಾರು ೪,೩೯೦ ಅಂಶ ಕುಸಿಯಿತು. ನಷ್ಟವು ದೊಡ್ಡದು, ನಿಜ. ಆದರೂ ಆ ತಪ್ಪಿಗೆ ಒಂದು ಮಿತಿಯಿತ್ತು: ಎಣಿಕೆಯ ದಿನ ಅದು ಎಲ್ಲರ ಕಣ್ಣಿಗೂ ಬಿದ್ದಿತು. ತಪ್ಪಾದ ಅಂಕಿಗೆ ಎಣಿಕೆಯೇ ನ್ಯಾಯಾಧೀಶ.

ಪ್ರಸ್ತುತ ಲೇಖನದ ವಿಷಯವು ಇದಕ್ಕಿಂತ ಭಿನ್ನವಾದುದು. ಚುನಾವಣೆಯ ಪ್ರಚಾರದ ನಡುವೆ, ಸ್ವತಃ ನಿಜವಾಗಿರುವ ಅನೇಕ ಅಂಕಿಗಳಲ್ಲಿ ತನಗೆ ಅನುಕೂಲವಾದುದನ್ನು ಮಾತ್ರ ಎತ್ತಿಹಿಡಿದು ಉಳಿದುವನ್ನು ಮರೆಮಾಡುವ ಪದ್ಧತಿಯೊಂದುಂಟು. ಇದನ್ನು ಶಿಕ್ಷಿಸುವ ನ್ಯಾಯಾಧೀಶನಿಲ್ಲ. ಮತ ಎಣಿಸಿದರೂ ಇದು ಬಯಲಾಗುವುದಿಲ್ಲ. ತಪ್ಪು ಸಮೀಕ್ಷೆಗಿಂತ ಆಯ್ದ ಸಮೀಕ್ಷೆಯೇ ಪ್ರಜಾಪ್ರಭುತ್ವಕ್ಕೆ ಹೆಚ್ಚು ಕೆಡುಕೆಂದು ನಾನು ತಿಳಿದಿದ್ದೇನೆ. ಅದಕ್ಕೆ ಆಧಾರವಾಗಿ ಅಮೆರಿಕದ ಚುನಾವಣಾ ಇತಿಹಾಸದಿಂದ, ವಿಶೇಷವಾಗಿ ೧೯೬೮ರ ಪ್ರಕರಣದಿಂದ, ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನಗಳೆಯುವ ನನಗೆ ಈ ಭೇದವು ವೃತ್ತಿಯಿಂದಲೇ ಪರಿಚಿತವಾದದ್ದು. ಸೇವೆಗೆ ಸೇರಿದ ಹೊಸದರಲ್ಲಿ, ತಾಳೆಪಟ್ಟಿಯ ಎರಡೂ ಬದಿಗಳು ಸರಿಹೊಂದಿದುವೆಂದು ನಾನು ಹಿಗ್ಗಿದಾಗ ಹಿರಿಯ ಲೆಕ್ಕಿಗರೊಬ್ಬರು, “ತಾಳೆಯಾಯಿತೆಂದರೆ ಬರೆದದ್ದು ಸರಿಯಾಗಿದೆ ಎಂದಷ್ಟೇ ಅರ್ಥ, ಬರೆಯದೆ ಬಿಟ್ಟದ್ದು ಏನೆಂದು ಅದು ಹೇಳುವುದಿಲ್ಲ” ಎಂದರು. ಒಂದು ಬದಿಯಲ್ಲಿ ಅಂಕಿ ತಪ್ಪಿ ಬಿದ್ದರೆ ತಾಳೆಪಟ್ಟಿಯು ಕೂಡಲೇ ಕೂಗಿ ಹೇಳುತ್ತದೆ. ವ್ಯವಹಾರವೊಂದನ್ನು ಜಮಾ, ಖರ್ಚು ಎರಡೂ ಕಡೆ ಪೂರ್ತಿಯಾಗಿ ಬಿಟ್ಟುಬಿಟ್ಟರೆ ಪಟ್ಟಿಯು ಅಚ್ಚುಕಟ್ಟಾಗಿ ಸರಿಹೊಂದುತ್ತದೆ. ಲೆಕ್ಕಶಾಸ್ತ್ರದ ಪ್ರತಿಯೊಂದು ಪಠ್ಯಪುಸ್ತಕದಲ್ಲಿಯೂ ಇರುವ ಈ ಮಾತು ಜನಮತದ ಲೆಕ್ಕಕ್ಕೂ ಸಲ್ಲುತ್ತದೆ.

೨

ಚುನಾವಣೆಗೆ ಮೊದಲೇ ಮತ ಕೇಳಿ ಎಣಿಸುವ ಪದ್ಧತಿಯು ಶಾಸ್ತ್ರಜ್ಞರಿಂದ ಹುಟ್ಟಿದುದಲ್ಲ. ಅದು ಪಕ್ಷಪಾತದ ಮಡಿಲಲ್ಲಿಯೇ ಕಣ್ದೆರೆಯಿತು. ೧೮೨೪ರ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಆಂಡ್ರೂ ಜಾಕ್ಸನ್, ಜಾನ್ ಕ್ವಿನ್ಸಿ ಆಡಮ್ಸ್, ಹೆನ್ರಿ ಕ್ಲೇ, ವಿಲಿಯಂ ಕ್ರಾಫರ್ಡ್ ಎಂಬ ನಾಲ್ವರು ಕಣದಲ್ಲಿದ್ದರು. ಆ ವರ್ಷದ ಜುಲೈಯಲ್ಲಿ ‘ಹ್ಯಾರಿಸ್‌ಬರ್ಗ್ ಪೆನ್ಸಿಲ್ವೇನಿಯನ್’ ಎಂಬ ಪತ್ರಿಕೆಯು ಡೆಲವೇರ್ ಪ್ರಾಂತದ ವಿಲ್ಮಿಂಗ್ಟನ್ ಪಟ್ಟಣದಲ್ಲಿ ನಡೆದ ಮತಗಣನೆಯೊಂದನ್ನು ಪ್ರಕಟಿಸಿತು: ಜಾಕ್ಸನ್ ೩೩೫, ಆಡಮ್ಸ್ ೧೬೯, ಕ್ಲೇ ೧೯, ಕ್ರಾಫರ್ಡ್ ೯. ಪಕ್ಷಭೇದವಿಲ್ಲದೆ ಕೇಳಿದ ಮತವಿದೆಂದು ಪತ್ರಿಕೆಯು ಹೇಳಿಕೊಂಡಿತು. ಇದನ್ನೇ ಇಂದಿನ ಸಮೀಕ್ಷೆಗಳ ಮೂಲಪುರುಷನೆಂದು ಇತಿಹಾಸಕಾರರು ಗಣಿಸುತ್ತಾರೆ.

ಆ ಕಾಲದಲ್ಲಿ ಸೇನಾ ಕವಾಯತಿನ ಬಯಲಿನಲ್ಲಿ, ಛತ್ರಗಳಲ್ಲಿ, ಸ್ವಾತಂತ್ರ್ಯ ದಿನಾಚರಣೆಯ ಕೂಟಗಳಲ್ಲಿ ಕೈಯೆತ್ತಿಸಿ ಅಥವಾ ಚೀಟಿ ಬರೆಸಿ ಮತವನ್ನು ಎಣಿಸುತ್ತಿದ್ದರು. ಗಾಳಿಯ ದಿಕ್ಕನ್ನರಿಯಲು ತೂರಿಬಿಡುವ ಹುಲ್ಲುಕಡ್ಡಿಗೆ ಹೋಲಿಸಿ ಇಂತಹವನ್ನು ‘ಹುಲ್ಲುಕಡ್ಡಿಯ ಮತ’ವೆಂದು ಕರೆಯುವುದು ಮುಂದೆ ರೂಢಿಯಾಯಿತು. ಪತ್ರಿಕೆಗಳು ಬಹುಮಟ್ಟಿಗೆ ಒಂದೊಂದು ಬಣಕ್ಕೆ ಸೇರಿದುವು. ತಮ್ಮವನು ಗೆದ್ದ ಕೂಟದ ಲೆಕ್ಕವನ್ನು ಅಚ್ಚುಹಾಕುವುದು ಅವುಗಳಿಗೆ ಸಹಜವಾಗಿದ್ದಿತು. ಜಾಕ್ಸನ್‌ರ ಬೆಂಬಲಿಗರಿಗೆ ಈ ಲೆಕ್ಕಗಳಿಂದ ಮತ್ತೊಂದು ಪ್ರಯೋಜನವೂ ಇದ್ದಿತು. ಕ್ರಾಫರ್ಡ್‌ರನ್ನು ಅಭ್ಯರ್ಥಿಯೆಂದು ಸೂಚಿಸಿದ್ದು ಶಾಸನಸಭೆಯ ಕೆಲವು ಸದಸ್ಯರ ಕೂಟ. ಜಾಕ್ಸನ್‌ರನ್ನು ಬಯಸುತ್ತಿರುವುದು ಜನತೆ ಎಂದು ಅಂಕಿಗಳ ಮೂಲಕ ಸಾರಬಹುದಾಗಿದ್ದಿತು.

ಸ್ವಾರಸ್ಯವೆಂದರೆ, ವಿಲ್ಮಿಂಗ್ಟನ್ನಿನ ಅಂಕಿಗೆ ಡೆಲವೇರಿನಲ್ಲಿ ಪರೀಕ್ಷೆಯೇ ನಡೆಯಲಿಲ್ಲ. ಆ ಪ್ರಾಂತದಲ್ಲಿ ಅಧ್ಯಕ್ಷನನ್ನು ಆರಿಸುವ ನಿರ್ವಾಚಕರನ್ನು ನೇಮಿಸುತ್ತಿದ್ದುದು ಮತದಾರರಲ್ಲ, ಪ್ರಾಂತದ ಶಾಸನಸಭೆ. ಅದರ ಮೂರು ಮತಗಳಲ್ಲಿ ಎರಡು, ಪಟ್ಟಣದ ಗಣನೆಯಲ್ಲಿ ಒಂಬತ್ತೇ ಮತ ಪಡೆದಿದ್ದ ಕ್ರಾಫರ್ಡ್‌ರಿಗೂ ಒಂದು ಆಡಮ್ಸ್‌ರಿಗೂ ಬಿದ್ದವು. ರಾಷ್ಟ್ರದಲ್ಲಿ ಜಾಕ್ಸನ್‌ರಿಗೆ ಅತಿ ಹೆಚ್ಚು ಮತಗಳು ಬಂದರೂ ಸ್ಪಷ್ಟ ಬಹುಮತ ದೊರೆಯದೆ ೧೮೨೫ರ ಫೆಬ್ರವರಿಯಲ್ಲಿ ಪ್ರತಿನಿಧಿ ಸಭೆಯು ಆಡಮ್ಸ್‌ರನ್ನು ಆರಿಸಿತು. ಹೀಗೆ ಮೊದಲನೆಯ ಸಮೀಕ್ಷೆಯೇ, ತನ್ನ ನೆಲದಲ್ಲಿ ಎಂದೂ ಪರೀಕ್ಷೆಗೊಳಗಾಗದ ಅಂಕಿಯಾಗಿ, ಕೇವಲ ವಾದದ ಸಾಧನವಾಗಿ ಉಳಿಯಿತು.

೩

ನಂತರದ ನೂರು ವರ್ಷಗಳ ಕಥೆಯನ್ನು ಸಂಕ್ಷೇಪವಾಗಿ ದಾಟಬಹುದು. ೧೯೩೬ರಲ್ಲಿ ‘ಲಿಟರರಿ ಡೈಜೆಸ್ಟ್’ ವಾರಪತ್ರಿಕೆಯು ಸುಮಾರು ಒಂದು ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿ, ತಿರುಗಿ ಬಂದ ೨೩ ಲಕ್ಷದ ಆಧಾರದ ಮೇಲೆ ಆಲ್ಫ್ರೆಡ್ ಲ್ಯಾಂಡನ್‌ರು ಗೆಲ್ಲುವರೆಂದು ಸಾರಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್‌ರು ೪೮ ಪ್ರಾಂತಗಳಲ್ಲಿ ೪೬ನ್ನು ಗೆದ್ದರು. ಪತ್ರಿಕೆಯು ೧೯೩೮ರಲ್ಲಿ ಕಣ್ಮುಚ್ಚಿತು. ಅದಕ್ಕಿಂತ ಎಷ್ಟೋ ಕಡಿಮೆ ಮಂದಿಯನ್ನು ಕ್ರಮವಾಗಿ ಆಯ್ದು ಕೇಳಿದ ಜಾರ್ಜ್ ಗ್ಯಾಲಪ್‌ರು ರೂಸ್‌ವೆಲ್ಟ್‌ರ ಗೆಲವನ್ನು ಸರಿಯಾಗಿ ನುಡಿದು ಖ್ಯಾತರಾದರು. ಹನ್ನೆರಡು ವರ್ಷಗಳ ಬಳಿಕ, ೧೯೪೮ರಲ್ಲಿ, ಅದೇ ಗ್ಯಾಲಪ್‌ರೂ ಎಲ್ಮೊ ರೋಪರ್, ಆರ್ಚಿಬಾಲ್ಡ್ ಕ್ರಾಸ್ಲಿ ಎಂಬ ಇತರ ಇಬ್ಬರು ಪ್ರಸಿದ್ಧರೂ ಥಾಮಸ್ ಡ್ಯೂಯಿ ಗೆಲ್ಲುವರೆಂದರು. ಹ್ಯಾರಿ ಟ್ರೂಮನ್ ಗೆದ್ದರು. ಫಲಿತಾಂಶವು ನಿಶ್ಚಿತವೆಂದು ಭಾವಿಸಿದ ರೋಪರ್‌ರು ಸೆಪ್ಟೆಂಬರಿನಲ್ಲಿಯೇ, ಇನ್ನು ಸಮೀಕ್ಷೆಯ ಅಂಕಿಗಳನ್ನು ಪ್ರಕಟಿಸುವ ಅಗತ್ಯವಿಲ್ಲವೆಂದಿದ್ದರು.

ಇವೆರಡೂ ತಪ್ಪುಗಳು. ಎರಡನ್ನೂ ಎಣಿಕೆಯು ಬಯಲಿಗೆಳೆಯಿತು. ಒಂದು ಪತ್ರಿಕೆ ಮಾನ ಕಳೆದುಕೊಂಡಿತು, ಮೂವರು ತಜ್ಞರು ತಮ್ಮ ವಿಧಾನಗಳನ್ನು ತಿದ್ದಿಕೊಂಡರು. ಶಾಸ್ತ್ರವು ಬೆಳೆಯುವುದು ಹೀಗೆಯೇ. ಆದರೆ ಇದೇ ವರ್ಷಗಳಲ್ಲಿ ಮತ್ತೊಂದು ಬೆಳವಣಿಗೆಯೂ ನಡೆದಿದ್ದಿತು. ಪತ್ರಿಕೆಗಳಿಗಾಗಿ ಅಲ್ಲದೆ, ಅಭ್ಯರ್ಥಿಗಾಗಿ, ಅಭ್ಯರ್ಥಿಯ ಹಣದಿಂದ ನಡೆಯುವ ಖಾಸಗಿ ಸಮೀಕ್ಷೆಯು ಹುಟ್ಟಿಕೊಂಡಿತು. ಅದರ ಅಂಕಿಗಳು ಅಭ್ಯರ್ಥಿಯ ಸೊತ್ತು. ಬೇಕೆಂದಾಗ ಹೊರತೆಗೆಯಬಹುದು, ಬೇಡವೆಂದಾಗ ಪೆಟ್ಟಿಗೆಯಲ್ಲಿಡಬಹುದು.

೧೯೬೦ರಲ್ಲಿ ಜಾನ್ ಕೆನೆಡಿಯವರಿಗಾಗಿ ಲೂಯಿ ಹ್ಯಾರಿಸ್‌ರು ಈ ಕೆಲಸ ಮಾಡಿದರು. ೧೯೫೯ರ ಕೊನೆಯಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ಅವರು ನಡೆಸಿದ ಸಮೀಕ್ಷೆಯು, ಹ್ಯೂಬರ್ಟ್ ಹಂಫ್ರಿಯವರೆದುರು ಕೆನೆಡಿಯವರಿಗೆ ೭೦ಕ್ಕೆ ೩೦ರ ಮುನ್ನಡೆ ಕೊಟ್ಟಿತು. ಈ ಅಂಕಿಯ ಬಲದಿಂದ ಕೆನೆಡಿಯವರು ಅಲ್ಲಿಯ ಪ್ರಾಥಮಿಕ ಚುನಾವಣೆಗೆ ಇಳಿದರು. ೧೯೬೦ರ ವಸಂತದಲ್ಲಿ ಕೇಳಿದಾಗ ಹಂಫ್ರಿ ೬೦, ಕೆನೆಡಿ ೪೦. ಮೊದಲ ಅಂಕಿ ಸುಳ್ಳಾಗಿರಲಿಲ್ಲ. ಅಭ್ಯರ್ಥಿಯು ಕ್ಯಾಥೊಲಿಕ್ ಎಂಬ ಸಂಗತಿ ಆ ಪ್ರಾಟೆಸ್ಟಂಟ್ ಸೀಮೆಯ ಜನರಿಗೆ ಆಗ ತಿಳಿದಿರಲಿಲ್ಲ, ಅಷ್ಟೇ. ಮುಂದಿನ ನಡೆ ಇನ್ನೂ ಜಾಣತನದ್ದು. ಕೆನೆಡಿಯವರ ಕಡೆಯವರು ತಮ್ಮ ಸೋಲಿನ ಸಂಭವವನ್ನೇ ಪತ್ರಕರ್ತರಿಗೆ ಒತ್ತಿ ಹೇಳಿದರು. ಮೇ ೧೦ರಂದು ಸುಮಾರು ಶೇಕಡಾ ೬೧ ಮತ ಪಡೆದು ಗೆದ್ದಾಗ ಆ ಗೆಲವು ಇಮ್ಮಡಿಯಾಗಿ ಕಂಡಿತು. ಮುನ್ನಡೆಯ ಅಂಕಿಯನ್ನು ತೋರಿಸುವುದಷ್ಟೇ ಆಯ್ಕೆಯಲ್ಲ, ಹಿನ್ನಡೆಯ ಅಂಕಿಯನ್ನು ತೋರಿಸುವುದೂ ಆಯ್ಕೆಯೇ ಎಂಬುದಕ್ಕೆ ಇದು ನಿದರ್ಶನ.

ಅಧ್ಯಕ್ಷ ಲಿಂಡನ್ ಜಾನ್ಸನ್‌ರು ತಮಗೆ ಅನುಕೂಲವಾದ ಸಮೀಕ್ಷೆಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಬಂದವರೆದುರು ಹೊರತೆಗೆದು ಓದುತ್ತಿದ್ದುದು ಪ್ರಸಿದ್ಧವಾಗಿದೆ. ವಿಯಟ್ನಾಂ ಯುದ್ಧದಿಂದ ಅವರ ಜನಪ್ರಿಯತೆ ಇಳಿಯುತ್ತ ಬಂದಂತೆ ಆ ಕಾಗದಗಳು ಜೇಬಿನಿಂದ ಹೊರಬರುವುದು ವಿರಳವಾಯಿತು. ಆದರೆ ಈ ಪದ್ಧತಿಯ ಪೂರ್ಣ ಸ್ವರೂಪವನ್ನು ಕಾಣಬೇಕಾದರೆ ಜಾನ್ಸನ್‌ರು ಸ್ಪರ್ಧೆಯಿಂದ ಹಿಂದೆ ಸರಿದ ವರ್ಷಕ್ಕೆ, ಎಂದರೆ ೧೯೬೮ಕ್ಕೆ, ಬರಬೇಕು.

೪

ಆ ವರ್ಷ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಲು ಇಬ್ಬರು ಪ್ರಮುಖರು ಹೆಣಗುತ್ತಿದ್ದರು. ರಿಚರ್ಡ್ ನಿಕ್ಸನ್‌ರು ೧೯೬೦ರಲ್ಲಿ ಅಧ್ಯಕ್ಷ ಚುನಾವಣೆಯನ್ನೂ ೧೯೬೨ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಚುನಾವಣೆಯನ್ನೂ ಸೋತವರು. ಪಕ್ಷದ ಕಾರ್ಯಕರ್ತರಿಗೆ ಅವರು ಬೇಕಾದವರು. ಆದರೆ ‘ಈತ ಗೆಲ್ಲುವವನಲ್ಲ’ ಎಂಬ ಅಪಖ್ಯಾತಿ ಅವರ ಬೆನ್ನಿಗಂಟಿತ್ತು. ಅದನ್ನು ಕಳೆದುಕೊಳ್ಳಲು ಅವರು ಒಂದಾದಮೇಲೊಂದು ಪ್ರಾಥಮಿಕ ಚುನಾವಣೆಯಲ್ಲಿ ನಿಂತು ಗೆದ್ದರು. ನ್ಯೂಯಾರ್ಕಿನ ಗವರ್ನರ್ ನೆಲ್ಸನ್ ರಾಕ್‌ಫೆಲರ್‌ರ ಸ್ಥಿತಿಯು ಇದಕ್ಕೆ ತದ್ವಿರುದ್ಧ. ಪಕ್ಷದ ಹೊರಗೆ, ಇತರ ಮತದಾರರಲ್ಲಿ, ಅವರಿಗೆ ಮನ್ನಣೆಯಿದ್ದಿತು; ಪಕ್ಷದ ಒಳಗೆ ಅಪನಂಬಿಕೆಯಿದ್ದಿತು. ಮಾರ್ಚ್ ೨೧ರಂದು ತಾವು ಸ್ಪರ್ಧಿಸುವುದಿಲ್ಲವೆಂದ ಅವರು ಏಪ್ರಿಲ್ ೩೦ರಂದು ಮನಸ್ಸು ಬದಲಿಸಿ ಕಣಕ್ಕಿಳಿದರು. ಪ್ರಾಥಮಿಕ ಚುನಾವಣೆಗಳಲ್ಲಿ ನಿಕ್ಸನ್‌ರನ್ನು ಎದುರಿಸುವ ಕಾಲ ಅಷ್ಟರಲ್ಲಿ ಬಹುಮಟ್ಟಿಗೆ ಮೀರಿದ್ದಿತು.

ಹಾಗಾದರೆ ಮಹಾಧಿವೇಶನದ ೧,೩೩೩ ಪ್ರತಿನಿಧಿಗಳನ್ನು ಒಲಿಸಿಕೊಳ್ಳುವುದು ಹೇಗೆ? ರಾಕ್‌ಫೆಲರ್‌ರು ಕಂಡುಕೊಂಡ ದಾರಿ ಜನಮತ ಸಮೀಕ್ಷೆ. ಪಕ್ಷಕ್ಕೆ ನಿಕ್ಸನ್‌ರು ಪ್ರಿಯರಾಗಿರಬಹುದು. ಆದರೆ ನವೆಂಬರಿನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಸೋಲಿಸಬಲ್ಲವನು ತಾನೊಬ್ಬನೇ. ಇದಕ್ಕೆ ಸಮೀಕ್ಷೆಗಳೇ ಸಾಕ್ಷಿ. ಇದು ಅವರ ವಾದದ ಸಾರ. ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಅವರು ಅಪಾರ ಹಣವನ್ನು ಜಾಹೀರಾತಿಗೆ ಸುರಿದರು. ಆ ಜಾಹೀರಾತುಗಳ ನಿಜವಾದ ಗುರಿ ಮತಪೆಟ್ಟಿಗೆಯಲ್ಲ, ಸಮೀಕ್ಷೆಯ ಅಂಕಿ. ಸಮೀಕ್ಷೆಯವನು ಮನೆಯ ಬಾಗಿಲಿಗೆ ಬಂದಾಗ ಜನರು ರಾಕ್‌ಫೆಲರ್‌ರ ಹೆಸರು ಹೇಳಬೇಕು. ಆ ಅಂಕಿಯನ್ನು ಪ್ರತಿನಿಧಿಗಳ ಮುಂದಿಡಬೇಕು. ಬ್ಯಾಂಕಿನವರಿಗೆ ಇದು ಪರಿಚಿತವಾದ ಉಪಾಯ. ವರ್ಷಾಂತ್ಯದ ದಿನಾಂಕವನ್ನು ಮೊದಲೇ ಬಲ್ಲ ವರ್ತಕನು, ಆ ಒಂದು ದಿನದ ಅಢಾವೆ ಪತ್ರಿಕೆ ಚೆನ್ನಾಗಿ ಕಾಣುವಂತೆ ತನ್ನ ವ್ಯವಹಾರವನ್ನು ಹೊಂದಿಸಿಕೊಳ್ಳುತ್ತಾನೆ. ಅಂಕಿಗಳೆಲ್ಲ ನಿಜ; ಚಿತ್ರ ಮಾತ್ರ ಆ ದಿನಕ್ಕಾಗಿ ಬರೆದದ್ದು.

ಮಹಾಧಿವೇಶನವು ಆಗಸ್ಟ್ ೫ರಂದು ಮಯಾಮಿ ಬೀಚಿನಲ್ಲಿ ಸೇರಬೇಕಾಗಿದ್ದಿತು. ಅದಕ್ಕೆ ಸುಮಾರು ಒಂದು ವಾರ ಮೊದಲು ಗ್ಯಾಲಪ್ ಸಮೀಕ್ಷೆಯು ಪ್ರಕಟವಾಯಿತು. ಅದರಂತೆ ನಿಕ್ಸನ್‌ರು ೪೦, ಹಂಫ್ರಿ ೩೮. ರಾಕ್‌ಫೆಲರ್‌ರು ೩೬, ಹಂಫ್ರಿಯೂ ೩೬. ಗೆಲ್ಲಬಲ್ಲವನು ತಾನೊಬ್ಬನೇ ಎಂದವನಿಗೆ ಸಮಬಲ. ಗೆಲ್ಲಲಾರನೆಂದು ಹೇಳಿಸಿಕೊಂಡವನಿಗೆ ಎರಡು ಅಂಶ ಮುನ್ನಡೆ. ರಾಕ್‌ಫೆಲರ್‌ರು ತಿಂಗಳುಗಳಿಂದ ಯಾವ ತಕ್ಕಡಿಯನ್ನು ಹೊಗಳುತ್ತಿದ್ದರೋ ಅದೇ ತಕ್ಕಡಿ ಅವರ ವಿರುದ್ಧ ವಾಲಿತು. ಅದುವರೆಗೆ ಪ್ರಾಥಮಿಕ ಚುನಾವಣೆಗಳ ಗೆಲವನ್ನೇ ತಮ್ಮ ಮುಖ್ಯ ಪ್ರಮಾಣವೆಂದಿದ್ದ ನಿಕ್ಸನ್ ಪಾಳೆಯಕ್ಕೆ ಬೇಡದೆಯೇ ಮತ್ತೊಂದು ಪ್ರಮಾಣ ದೊರೆಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಕೆಲವೇ ದಿನಗಳಲ್ಲಿ ಹ್ಯಾರಿಸ್ ಸಮೀಕ್ಷೆಯು ಹೊರಬಿದ್ದಿತು. ಅದರಲ್ಲಿ ಹಂಫ್ರಿಗಿಂತ ರಾಕ್‌ಫೆಲರ್ ಮುಂದೆ, ನಿಕ್ಸನ್ ಹಿಂದೆ. ಅಧಿವೇಶನಕ್ಕೆ ಹೊರಟಿದ್ದ ಪ್ರತಿನಿಧಿಯೊಬ್ಬನು ಎರಡು ದಿನಗಳ ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ, ಒಂದೇ ರಾಷ್ಟ್ರದ ಒಂದೇ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳು ಕಾಣುತ್ತಿದ್ದವು. ಎರಡೂ ಪಾಳೆಯಗಳು ತಮತಮಗೆ ಬೇಕಾದುದನ್ನು ಹಿಡಿದುಕೊಂಡವು.

ಆಗ ನಡೆದ ಸಂಗತಿಯು ಸಮೀಕ್ಷೆಗಳ ಇತಿಹಾಸದಲ್ಲಿಯೇ ವಿಚಿತ್ರವಾದುದು. ಪರಸ್ಪರ ಪೈಪೋಟಿಯ ಗ್ಯಾಲಪ್ ಮತ್ತು ಹ್ಯಾರಿಸ್ ಸಂಸ್ಥೆಗಳು ಜಂಟಿ ಹೇಳಿಕೆಯೊಂದನ್ನು ಹೊರಡಿಸಿದವು. ತಮ್ಮ ಅಂಕಿಗಳಲ್ಲಿ ವಿರೋಧವಿಲ್ಲ. ಅವು ಬೇರೆ ಬೇರೆ ದಿನಗಳಲ್ಲಿ ಕೇಳಿದವು. ಕಾಲಕ್ರಮದಲ್ಲಿ ಜೋಡಿಸಿ ಓದಿದರೆ ರಾಕ್‌ಫೆಲರ್‌ರು ಈಗ ಮುಂದೆ ಬಂದಿದ್ದಾರೆಂದು ತಿಳಿಯಬೇಕು ಎಂಬುದು ಅದರ ತಾತ್ಪರ್ಯ. ಗ್ಯಾಲಪ್‌ನವರು ಮೊದಲು ಕೇಳಿದ್ದರು, ಹ್ಯಾರಿಸ್‌ರು ಆಮೇಲೆ. ಜುಲೈ ೧೮ರಂದು ಮಾಜಿ ಅಧ್ಯಕ್ಷ ಐಸೆನ್‌ಹೋವರ್‌ರು ಆಸ್ಪತ್ರೆಯಿಂದಲೇ ನಿಕ್ಸನ್‌ರಿಗೆ ಬೆಂಬಲ ಸೂಚಿಸಿದ್ದರು. ಅದರ ಪ್ರಭಾವ ಬಿಸಿಯಾಗಿದ್ದಾಗ ಕೇಳಿದ ಪ್ರಶ್ನೆಗೂ ಆರಿದ ಮೇಲೆ ಕೇಳಿದ ಪ್ರಶ್ನೆಗೂ ಉತ್ತರ ಒಂದೇ ಆಗಿರಬೇಕಾಗಿಲ್ಲ. ಈ ವಿವರಣೆಯಲ್ಲಿ ಸತ್ಯಾಂಶವಿರಬಹುದು. ಆದರೆ ಅಂಕಿಗಳನ್ನು ಅಳೆಯುವವರು ಅಂಕಿಗಳ ಅರ್ಥವನ್ನು ತಾವೇ ಕೂಡಿ ನಿರ್ಣಯಿಸಿ ಒಬ್ಬ ಅಭ್ಯರ್ಥಿ ಮುಂದಿದ್ದಾನೆಂದು ಅಧಿವೇಶನದ ಹೊಸ್ತಿಲಿನಲ್ಲಿ ಸಾರಿದುದು ಅನೇಕರಿಗೆ ಸರಿಕಾಣಲಿಲ್ಲ. ಹಲವು ನೂರರಿಂದ ಸಾವಿರದೈನೂರರವರೆಗಿನ ಮಾದರಿಗಳಲ್ಲಿ ಎರಡು ಮೂರು ಅಂಶಗಳ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿಯೂ ಬರಬಹುದೆಂಬ ಸರಳ ಮಾತನ್ನು ಒತ್ತಿ ಹೇಳಿದ್ದರೆ ಹೆಚ್ಚು ಉಪಕಾರವಾಗುತ್ತಿದ್ದಿತು.

ಅಧಿವೇಶನದಲ್ಲಿ ಮೊದಲನೆಯ ಸುತ್ತಿನಲ್ಲಿಯೇ ನಿಕ್ಸನ್‌ರಿಗೆ ೬೯೨, ರಾಕ್‌ಫೆಲರ್‌ರಿಗೆ ೨೭೭, ರೊನಾಲ್ಡ್ ರೇಗನ್‌ರಿಗೆ ೧೮೨ ಮತಗಳು ಬಂದವು; ಬೇಕಾದುದು ೬೬೭. ಈ ಫಲಿತಾಂಶವನ್ನು ಸಮೀಕ್ಷೆಗಳು ನಿರ್ಣಯಿಸಿದವೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಪ್ರಾಥಮಿಕ ಚುನಾವಣೆಗಳಲ್ಲಿ ಗಳಿಸಿದ ಪ್ರತಿನಿಧಿಗಳೂ, ಸೆನೆಟರ್ ಸ್ಟ್ರಾಮ್ ಥರ್ಮಂಡ್‌ರ ನೆರವಿನಿಂದ ದಕ್ಷಿಣದ ಪ್ರಾಂತಗಳಲ್ಲಿ ಗಟ್ಟಿಯಾಗಿ ನಿಂತ ಬೆಂಬಲವೂ ನಿಕ್ಸನ್‌ರ ಗೆಲವಿಗೆ ಮುಖ್ಯ ಕಾರಣಗಳು. ರಾಕ್‌ಫೆಲರ್‌ರ ಕೈಯಲ್ಲಿದ್ದುದು ಒಂದೇ ಆಯುಧ. ಅದು ಮುರಿದ ಮೇಲೆ ಅವರ ಬಳಿ ಹೇಳುವುದಕ್ಕೆ ಬೇರೇನೂ ಉಳಿಯಲಿಲ್ಲ.

ಈ ಪ್ರಕರಣದಲ್ಲಿ ಇತಿಹಾಸದ ವಿದ್ಯಾರ್ಥಿಯು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ರಾಕ್‌ಫೆಲರ್‌ರು ಹಂಫ್ರಿಯವರನ್ನು ಸೋಲಿಸುತ್ತಿದ್ದರೇ? ಇದಕ್ಕೆ ಉತ್ತರವಿಲ್ಲ. ಅವರಿಬ್ಬರ ನಡುವೆ ಚುನಾವಣೆಯು ಎಂದೂ ನಡೆಯಲಿಲ್ಲ. ಪ್ರಾಥಮಿಕ ಹಂತದ ಸಮೀಕ್ಷೆಗಳಲ್ಲಿ ಬಹುಪಾಲು ಇಂತಹ ಊಹೆಯ ಕುಸ್ತಿಗಳೇ: ಇಂಥವನು ಇಂಥವನೆದುರು ನಿಂತರೆ? ಆಯ್ಕೆಯಾಗದವನ ಅಂಕಿಯು ಪರೀಕ್ಷೆಗೊಳಗಾಗದೆ ಶಾಶ್ವತವಾಗಿ ಉಳಿಯುತ್ತದೆ. ಗ್ಯಾಲಪ್ ಸರಿಯೋ ಹ್ಯಾರಿಸ್ ಸರಿಯೋ ಎಂಬ ವ್ಯಾಜ್ಯವನ್ನು ಯಾವ ಮತಪೆಟ್ಟಿಗೆಯೂ ತೀರ್ಮಾನಿಸಲಾರದು. ೧೮೨೪ರ ವಿಲ್ಮಿಂಗ್ಟನ್ನಿನಲ್ಲಿ ಕಂಡುದು ೧೯೬೮ರ ಮಯಾಮಿಯಲ್ಲಿಯೂ ಕಂಡಿತು. ಪ್ರಚಾರಕನಿಗೆ ಇಂತಹ ಅಂಕಿ ಅತ್ಯಂತ ಪ್ರಿಯವಾಗುವುದು ಇದೇ ಕಾರಣದಿಂದ: ಇದನ್ನು ನಂಬಿಸಬಹುದು, ಆದರೆ ಯಾರೂ ಸುಳ್ಳೆಂದು ಸಾಧಿಸಲಾರರು.

೫

ಅಂಕಿಗಳಿಂದ ಪ್ರತಿನಿಧಿಗಳ ಮನಸ್ಸು ಅಷ್ಟಾಗಿ ಬದಲಾಗಲಿಲ್ಲವೆಂದರೆ, ಇದರಿಂದ ಯಾರಿಗೇನು ಹಾನಿಯೆಂದು ಕೇಳಬಹುದು. ಅದೇ ವರ್ಷದ ಶರತ್ಕಾಲವು ಇದಕ್ಕೆ ಉತ್ತರ ಕೊಡುತ್ತದೆ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದ ಹಂಫ್ರಿಯವರು ಸೆಪ್ಟೆಂಬರ್ ಕೊನೆಯ ಗ್ಯಾಲಪ್ ಸಮೀಕ್ಷೆಯಲ್ಲಿ ನಿಕ್ಸನ್‌ರ ೪೩ಕ್ಕೆ ಪ್ರತಿಯಾಗಿ ೨೮ರಲ್ಲಿದ್ದರು. ಸೋಲುವ ಕುದುರೆಗೆ ಹುಲ್ಲು ಹಾಕುವವರಿಲ್ಲ. ಅವರ ಪ್ರಚಾರಕ್ಕೆ ಹಣ ಕೊಡುವವರು ಹಿಂಜರಿದರು. ಬೇಕಾದಷ್ಟು ದೂರದರ್ಶನದ ಸಮಯವನ್ನು ಕೊಳ್ಳುವುದಕ್ಕೂ ಅವರಿಗೆ ಕಷ್ಟವಾಯಿತು. ಸೆಪ್ಟೆಂಬರ್ ೩೦ರಂದು ಸಾಲ್ಟ್‌ಲೇಕ್ ನಗರದ ಭಾಷಣದಲ್ಲಿ, ವಿಯಟ್ನಾಮಿನ ಮೇಲಿನ ಬಾಂಬುದಾಳಿಯನ್ನು ನಿಲ್ಲಿಸುವ ಮಾತನ್ನು ಅವರು ಆಡಿದ ಮೇಲೆ ಅಂತರವು ಕಿರಿದಾಗುತ್ತ ಹೋಯಿತು. ಕೊನೆಯ ಗ್ಯಾಲಪ್ ಸಮೀಕ್ಷೆಯಲ್ಲಿ ನಿಕ್ಸನ್ ೪೨, ಹಂಫ್ರಿ ೪೦. ಹ್ಯಾರಿಸ್‌ರ ಕೊನೆಯದರಲ್ಲಿ ಹಂಫ್ರಿ ೪೩, ನಿಕ್ಸನ್ ೪೦. ನವೆಂಬರ್ ೫ರಂದು ನಿಕ್ಸನ್‌ರಿಗೆ ಶೇಕಡಾ ೪೩.೪, ಹಂಫ್ರಿಯವರಿಗೆ ೪೨.೭. ಏಳು ಕೋಟಿಗೂ ಹೆಚ್ಚು ಮತಗಳಲ್ಲಿ ಅಂತರ ಸುಮಾರು ಐದು ಲಕ್ಷ.

ಇಲ್ಲಿ ಸೆಪ್ಟೆಂಬರಿನ ಅಂಕಿ ತಪ್ಪಾಗಿತ್ತೆಂದು ನಾನು ಹೇಳುತ್ತಿಲ್ಲ. ಆ ದಿನದ ಮಟ್ಟಿಗೆ ಅದು ಸರಿಯಾಗಿಯೇ ಇದ್ದಿರಬಹುದು. ಆದರೆ ಒಂದು ದಿನದ ಅಂಕಿಯನ್ನು ಮುಂದಿನ ದಿನಗಳ ವಿಧಿಯೆಂದು ಓದಿದವರು ತಮ್ಮ ಹಣದ ಚೀಲವನ್ನು ಕಟ್ಟಿಟ್ಟರು. ಅದರಿಂದ ಮುಂದಿನ ದಿನಗಳೇ ಬದಲಾದವು. ಇರುವವನಿಗೇ ಸಾಲ ಹುಟ್ಟುತ್ತದೆ, ಇಲ್ಲದವನಿಗಿಲ್ಲವೆಂಬ ಪೇಟೆಯ ಅನುಭವ ಚುನಾವಣೆಗೂ ಅನ್ವಯಿಸುತ್ತದೆ. ಸಮೀಕ್ಷೆಯ ಅಂಕಿಯು ಕೇವಲ ವರದಿಯಲ್ಲ, ಅದೊಂದು ಪತ್ತು. ಆ ಪತ್ತನ್ನು ಯಾರು, ಯಾವ ದಿನದ್ದನ್ನು ಆಯ್ದು, ಯಾರಿಗೆ ತೋರಿಸುತ್ತಾರೆಂಬುದು ಆದಕಾರಣ ಚಿಕ್ಕ ಪ್ರಶ್ನೆಯಲ್ಲ.

೬

೧೯೬೮ರ ಗೊಂದಲದ ಫಲವಾಗಿ ಎರಡು ಪ್ರಯತ್ನಗಳು ನಡೆದವು. ಮಿಷಿಗನ್ನಿನ ಪ್ರತಿನಿಧಿ ಲೂಸಿಯನ್ ನೆಡ್ಜಿಯವರು, ಪ್ರಕಟವಾದ ಪ್ರತಿಯೊಂದು ಸಮೀಕ್ಷೆಯ ಹಿನ್ನೆಲೆಯ ವಿವರಗಳನ್ನೂ ಸರಕಾರಿ ಗ್ರಂಥಾಲಯದಲ್ಲಿ ದಾಖಲಿಸಬೇಕೆಂಬ ಮಸೂದೆಯನ್ನು ತಂದರು. ಮಾಡಿಸಿದವರು ಯಾರು, ಎಷ್ಟು ಜನರನ್ನು ಯಾವ ದಿನ ಕೇಳಿದರು, ಪ್ರಶ್ನೆಯ ಮಾತು ಏನು ಎಂಬಂತಹ ವಿವರಗಳಿವು. ಮಸೂದೆಯು ಕಾನೂನಾಗಲಿಲ್ಲ. ಸಮೀಕ್ಷಕರು ತಾವೇ ೧೯೬೯ರಲ್ಲಿ ಒಂದು ರಾಷ್ಟ್ರೀಯ ಮಂಡಲಿಯನ್ನು ಸ್ಥಾಪಿಸಿಕೊಂಡು ಇಂತಹ ವಿವರಗಳನ್ನು ಪ್ರಕಟಿಸುವ ನಿಯಮವನ್ನು ಒಪ್ಪಿದರು. ಈ ನಿಯಮಗಳಲ್ಲಿ ಒಂದು ಅಂಶವು ನಮಗೆ ಪ್ರಕೃತವಾದುದು: ಖಾಸಗಿ ಸಮೀಕ್ಷೆಯ ಒಂದು ಭಾಗವನ್ನು ಗಿರಾಕಿಯು ತನ್ನ ಅನುಕೂಲಕ್ಕೆ ತಕ್ಕಂತೆ ಹೊರಗೆಡಹಿದರೆ, ಸಂಬಂಧಪ್ಟ ಉಳಿದ ವಿವರಗಳನ್ನೂ ಬಹಿರಂಗಪಡಿಸಬೇಕೆಂಬ ತತ್ತ್ವವು ಆ ವೃತ್ತಿಯಲ್ಲಿ ಕ್ರಮೇಣ ಬೇರೂರಿತು.

ಭಾರತದಲ್ಲಿ ಎರಿಕ್ ದ ಕೋಸ್ಟ ಅವರ ಭಾರತೀಯ ಜನಾಭಿಪ್ರಾಯ ಸಂಸ್ಥೆಯು ೧೯೫೦ರ ದಶಕದಲ್ಲಿಯೇ ಈ ಕೆಲಸವನ್ನು ಆರಂಭಿಸಿತು. ೧೯೮೦ರ ಸುಮಾರಿನಿಂದ ಪ್ರಣಯ್ ರಾಯ್ ಮೊದಲಾದವರ ಮೂಲಕ ಸಮೀಕ್ಷೆಯು ಸಾಮಾನ್ಯ ಓದುಗರ ಮನೆಗೆ ಬಂದಿತು. ನಮ್ಮಲ್ಲಿ ಆಯ್ಕೆಗೆ ಇನ್ನೂ ಒಂದು ಎಡೆಯುಂಟು. ಇಲ್ಲಿ ಕೇಳುವುದು ಮತದ ಶೇಕಡಾವಾರು; ಪ್ರಚಾರಕ್ಕೆ ಬೇಕಾದುದು ಸ್ಥಾನಗಳ ಸಂಖ್ಯೆ. ಹಲವು ಪಕ್ಷಗಳು ಮತ ಹಂಚಿಕೊಳ್ಳುವ ನಮ್ಮ ಕ್ಷೇತ್ರಗಳಲ್ಲಿ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಸೂತ್ರವು ಓದುಗನ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ತೋರಿಸದೆ ಬಿಟ್ಟ ಅಂಕಿಗಳ ಜತೆಗೆ ತೋರಿಸದೆ ಬಿಟ್ಟ ಲೆಕ್ಕಾಚಾರವೂ ಸೇರಿಕೊಳ್ಳುತ್ತದೆ.

ಭಾರತೀಯ ಪತ್ರಿಕಾ ಮಂಡಲಿಯು ೧೯೯೬ರಲ್ಲಿ ಒಂದು ಮಾರ್ಗಸೂಚಿಯನ್ನು ಕೊಟ್ಟಿತು. ಚುನಾವಣಾಪೂರ್ವ ಸಮೀಕ್ಷೆಯನ್ನು ಅಚ್ಚುಹಾಕುವ ಪತ್ರಿಕೆಯು, ಅದನ್ನು ನಡೆಸಿದ ಸಂಸ್ಥೆ, ಮಾಡಿಸಿದ ವ್ಯಕ್ತಿ ಅಥವಾ ಸಂಘಟನೆ, ಮಾದರಿಯ ಗಾತ್ರ ಮತ್ತು ಸ್ವರೂಪ, ಅದನ್ನು ಆಯ್ದ ವಿಧಾನ, ಸಂಭವನೀಯ ದೋಷದ ಪ್ರಮಾಣ ಇವನ್ನು ಎದ್ದುಕಾಣುವಂತೆ ಮೊದಲೇ ತಿಳಿಸಬೇಕೆಂಬುದು ಅದರ ಮಾತು. ಮಾತು ಸೊಗಸಾದುದು, ಅದಕ್ಕೆ ಕಾನೂನಿನ ಕೈ ಇಲ್ಲ. ಪ್ರಜಾಪ್ರಾತಿನಿಧ್ಯ ಕಾಯಿದೆಗೆ ೨೦೦೯ರ ತಿದ್ದುಪಡಿಯಿಂದ ಸೇರಿದ ೧೨೬ಎ ಪ್ರಕರಣವು ಮತದಾನೋತ್ತರ ಸಮೀಕ್ಷೆಗಳನ್ನು ನಿಗದಿತ ಅವಧಿಯಲ್ಲಿ ನಿಷೇಧಿಸುತ್ತದೆ. ನಮ್ಮ ಶಾಸನವು ಕಟ್ಟುನಿಟ್ಟಾಗಿರುವುದು ಹೀಗೆ ಮತ ಹಾಕಿ ಹೊರಬಂದವನನ್ನು ಕೇಳಿದ ಅಂಕಿಯ ವಿಷಯದಲ್ಲಿ. ಅದಾದರೋ ಒಂದೆರಡು ದಿನಗಳಲ್ಲಿ ಎಣಿಕೆಯಿಂದ ತಾನೇ ಪರೀಕ್ಷೆಗೊಳಗಾಗುವ ಅಂಕಿ. ವಾರಗಟ್ಟಲೆ ನಡೆಯುವ ಪ್ರಚಾರದ ನಡುವೆ, ಯಾವ ಪರೀಕ್ಷೆಗೂ ಸಿಗದೆ ಓಡಾಡುವ ಆಯ್ದ ಅಂಕಿಯ ಹಿನ್ನೆಲೆಯನ್ನು ತಿಳಿಸಲೇಬೇಕೆಂಬ ಕಟ್ಟು ಅಷ್ಟು ಬಲವಾಗಿಲ್ಲ.

ನಿಷೇಧವೇ ಪರಿಹಾರವೆಂದು ನನ್ನ ಅಭಿಪ್ರಾಯವಲ್ಲ. ಪ್ರಕಟಣೆಯನ್ನು ನಿಲ್ಲಿಸಿದರೆ ಸಮೀಕ್ಷೆಯು ನಿಲ್ಲುವುದಿಲ್ಲ. ಹಣವುಳ್ಳವರ ಪೆಟ್ಟಿಗೆಯಲ್ಲಿ ಅದು ಇದ್ದೇ ಇರುತ್ತದೆ, ಸಾಮಾನ್ಯನಿಗೆ ಮಾತ್ರ ಇಲ್ಲವಾಗುತ್ತದೆ. ಪತ್ತು ಕೇಳಲು ಬಂದ ವರ್ತಕನೊಡನೆ ಬ್ಯಾಂಕು ಹೇಗೆ ವರ್ತಿಸುತ್ತದೆಯೋ ಹಾಗೆಯೇ ಪತ್ರಿಕೆಯೂ ವಾಚಕನೂ ವರ್ತಿಸಬೇಕು. ಲಾಭದ ವರ್ಷದ ಅಢಾವೆ ಪತ್ರಿಕೆಯೊಂದನ್ನೇ ಹಿಡಿದು ಬಂದವನಿಗೆ ನಾವು ಸುಳ್ಳುಗಾರನೆನ್ನುವುದಿಲ್ಲ. ಹಿಂದಿನ ಎರಡು ವರ್ಷಗಳದ್ದನ್ನೂ ತರಹೇಳುತ್ತೇವೆ. ಸಮೀಕ್ಷೆಯನ್ನು ಹಿಡಿದು ಬಂದವನನ್ನೂ ಕೇಳಬೇಕು: ಇದು ಎಂದಿನದು? ಹಣ ಯಾರದು? ಪ್ರಶ್ನೆಯ ಮಾತು ಏನಿತ್ತು? ಇದರ ಹಿಂದಿನದೂ ಮುಂದಿನದೂ ಎಲ್ಲಿ? ಬೇರೆಯವರು ಅದೇ ವಾರ ಕೇಳಿದ್ದು ಏನಾಯಿತು?

ಇತಿಹಾಸ ಬರೆಯುವವನಿಗೂ ಈ ಪ್ರಶ್ನೆಗಳು ತಪ್ಪಿದುವಲ್ಲ. ಸಮೀಕ್ಷೆಯು ಇಂದು ಇತಿಹಾಸದ ಆಕರವಾಗಿದೆ. ಇಂಥ ವರ್ಷ ಇಂಥ ನಾಯಕನಿಗೆ ಶೇಕಡಾ ಇಷ್ಟು ಬೆಂಬಲವಿತ್ತೆಂದು ನಾವು ಧೈರ್ಯವಾಗಿ ಬರೆಯುತ್ತೇವೆ. ಶಾಸನವೊಂದನ್ನು ಓದುವಾಗ ಬರೆಯಿಸಿದ ಅರಸನು ಯಾರು, ಯಾವ ಗೆಲವಿನ ಮರುದಿನ ಬರೆಯಿಸಿದನು, ಸೋಲುಗಳನ್ನು ಕುರಿತು ಏಕೆ ಮೌನವಾಗಿದ್ದಾನೆಂದು ಕೇಳುವ ನಾವು, ಸಮೀಕ್ಷೆಯ ಕೋಷ್ಟಕದ ಮುಂದೆ ಆ ವಿವೇಕವನ್ನು ಬಿಟ್ಟುಕೊಡಬಾರದು. ೧೯೬೮ರ ಜುಲೈಯ ಗ್ಯಾಲಪ್ ಕೋಷ್ಟಕವೊಂದೇ ಉಳಿದು ಹ್ಯಾರಿಸ್‌ರದು ಕಳೆದುಹೋಗಿದ್ದರೆ, ಅಥವಾ ಅದು ಉಳಿದು ಇದು ಹೋಗಿದ್ದರೆ, ಆ ವರ್ಷದ ಎರಡು ಬೇರೆ ಬೇರೆ ಇತಿಹಾಸಗಳನ್ನು ನಾವು ಪ್ರಾಮಾಣಿಕವಾಗಿಯೇ ಬರೆಯುತ್ತಿದ್ದೆವು.

ಮತದಾರನು ಮತ ಹಾಕುವ ಮುನ್ನ ತನ್ನ ನೆರೆಹೊರೆಯವರ ಮನಸ್ಸು ಏನೆಂದು ತಿಳಿಯಬಯಸುವುದು ತಪ್ಪಲ್ಲ. ಅವನಿಗೆ ತಿಳಿಸುವವರು ಪೂರ್ತಿಯಾಗಿ ತಿಳಿಸಬೇಕು. ಜನರ ಬಾಯಿಂದಲೇ ಪಡೆದ ಮಾತಿನಲ್ಲಿ ಅರ್ಧವನ್ನು ನುಂಗಿ, ಉಳಿದರ್ಧವನ್ನು ಜನರ ತೀರ್ಪೆಂದು ಅವರಿಗೇ ತಿರುಗಿ ಕೇಳಿಸುವುದು ಅವರ ಸ್ವರವನ್ನು ಕದ್ದಂತೆ. ಆ ಕಳವಿನಲ್ಲಿ ಲೆಕ್ಕದ ಎರಡೂ ಬದಿಗಳು ಸರಿಹೊಂದಿಯೇ ಇರುತ್ತವೆ.